ಬಳೆ ತೊಟ್ಟ ಕಲ್ಲಿನ ಕೈ

ನಮ್ಮೂರ ಕೆರೆ ದಂಡೆಯ ಮೇಲೆ ಎರಡು ಕಲ್ಲುಗಳಿವೆ. ಬೈಲಹೊಂಗಲದ ಕಡೆಯ ಸಣ್ಣ ಊರು ನಮ್ಮದು. ಮೊದಲನೆಯದು ವೀರಗಲ್ಲು, ಆಳೆತ್ತರದ್ದು. ಅದರಲ್ಲಿ ಮೂರು ಪಟ್ಟಿಗಳು. ಕೆಳಗಿನ ಪಟ್ಟಿಯಲ್ಲಿ ಒಬ್ಬ ಕತ್ತಿ ಹಿಡಿದು ಕಾದಾಡುತ್ತಿದ್ದಾನೆ. ನಡುವಿನದರಲ್ಲಿ ಇಬ್ಬರು ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈ ಮುಗಿದು ಕೂತಿದ್ದಾನೆ. ಮೂಲೆಯಲ್ಲಿ ಸೂರ್ಯ, ಚಂದ್ರ.

ಎರಡನೆಯದು ಸ್ವಲ್ಪ ಗಿಡ್ಡ. ಅದರಲ್ಲಿ ಒಂದು ಕಂಬ ಇದೆ. ಕಂಬದಿಂದ ಒಂದು ತೋಳು ಹೊರಗೆ ಚಾಚಿದೆ. ಮೊಣಕೈ ಹತ್ತಿರ ಮಡಚಿ, ಅಂಗೈ ಮೇಲಕ್ಕೆತ್ತಿದ ಕೈ. ಕೈ ತುಂಬ ಬಳೆ. ಹೆಬ್ಬೆರಳಿನ ಸಂದಿಯಲ್ಲಿ ಒಂದು ನಿಂಬೆಹಣ್ಣು. ಅಷ್ಟೇ ಇರೋದು. ಮುಖ ಇಲ್ಲ, ಮೈ ಇಲ್ಲ, ಹೆಸರೂ ಇಲ್ಲ. ಮಾಸ್ತಿಕಲ್ಲು ಅಂತಾರೆ ಇದಕ್ಕೆ. ಗಂಡ ಕಾಳಗದಲ್ಲಿ ಸತ್ತ ಮೇಲೆ ಚಿತೆ ಏರಿದವಳ ನೆನಪಿಗೆ ನಿಲ್ಲಿಸಿದ್ದು. ಏರಿದಳೋ, ಏರಿಸಿದರೋ, ಕಲ್ಲು ಹೇಳುವುದಿಲ್ಲ.

ಚಿಕ್ಕವರಿದ್ದಾಗ ನಾವು ಅದನ್ನು 'ಬಳಿ ಅವ್ವ' ಅಂತ ಕರೆಯುತ್ತಿದ್ದೆವು. ಬಳೆ ಎಣಿಸೋದು ನಮ್ಮ ಆಟ. ಒಬ್ಬಳಿಗೆ ಏಳು ಬಂದರೆ ಇನ್ನೊಬ್ಬಳಿಗೆ ಎಂಟು, ಯಾಕಂದರೆ ಕುಂಕುಮ ಮೆತ್ತಿ ಮೆತ್ತಿ ಗೆರೆಗಳೇ ಮುಚ್ಚಿ ಹೋಗಿದ್ದವು. ಹಬ್ಬ ಬಂದರೆ ಹೆಂಗಸರು ಹಸಿರು ಗಾಜಿನ ಬಳೆ ತಂದು ಕಲ್ಲಿನ ಬುಡದಲ್ಲಿ ಇಡುತ್ತಿದ್ದರು. ನನ್ನ ಅತ್ತೆ ಮಾತ್ರ ಕೆರೆಗೆ ಬಟ್ಟೆ ಒಗೆಯಲು ಬಂದಾಗಲೆಲ್ಲ ಆ ಕಲ್ಲಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಅದು ಯಾಕೆ ಅಂತ ತಿಳಿಯೋಕೆ ನನಗೆ ತುಂಬಾ ವರ್ಷ ಬೇಕಾಯಿತು.

ಅತ್ತೆ ಅಂದರೆ ಅಪ್ಪನ ತಂಗಿ. ಅದೇ ಊರಲ್ಲಿ, ಎರಡು ಓಣಿ ಆಚೆ ಕೊಟ್ಟಿದ್ದರು. ಮಾವ ಮಿಲಿಟರಿಯಲ್ಲಿದ್ದರು. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫ್ಯಾಂಟ್ರಿಯ ಕೇಂದ್ರ ಇದೆಯಲ್ಲ, ಹಾಗಾಗಿ ನಮ್ಮ ಕಡೆ ಹುಡುಗರು ಸಾಲಿ ಬಿಟ್ಟರೆ ಪಲ್ಟನ್ನು ಸೇರುವುದು ಹೊಸದೇನಲ್ಲ. ಮದುವೆಯಾಗಿ ಒಂದೂವರೆ ವರ್ಷ ಆಗಿತ್ತು. ಅದರಲ್ಲಿ ಮಾವ ಮನೆಯಲ್ಲಿದ್ದದ್ದು ಎರಡು ರಜೆ ಸೇರಿ ಮೂರು ತಿಂಗಳಿಗೂ ಕಡಿಮೆ. ಅತ್ತೆಗೆ ಆಗ 19 ವರ್ಷ.

1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ರೇಡಿಯೊದಲ್ಲಿ ಸುದ್ದಿ ಬಂತು. ಊರಲ್ಲಿ ಸಕ್ಕರೆ ಹಂಚಿದರು. ಅತ್ತೆಗೂ ಒಂದು ಹಿಡಿ ಸಿಕ್ಕಿತು. ಯುದ್ಧ ಮುಗೀತು, ಇನ್ನೇನು ಬಂದೇ ಬಿಡುತ್ತಾರೆ ಅಂತ ಮನೆಯವರಿಗೆಲ್ಲ ಖುಷಿ. ನಾಲ್ಕು ದಿನ ಬಿಟ್ಟು ತಂತಿ ಬಂತು. ಇಂಗ್ಲಿಷಿನಲ್ಲಿತ್ತು. ಸಾಲಿ ಮಾಸ್ತರು ಓದಿ, ಮೊದಲು ಗಂಡಸರನ್ನು ಕಟ್ಟೆಗೆ ಕರೆದು ಹೇಳಿದರು. ಅತ್ತೆಗೆ ಯಾರೂ ಹೇಳಲಿಲ್ಲ. ಮನೆ ಮುಂದೆ ಜನ ಸೇರುವುದನ್ನು ನೋಡಿ ಅವಳೇ ತಿಳಿದುಕೊಂಡಳು. ಸಕ್ಕರೆ ಹಂಚುವ ಹೊತ್ತಿಗೆ ಮಾವ ತೀರಿಕೊಂಡು ಐದು ದಿನ ಆಗಿತ್ತು.

"ಸಕ್ರಿ ತಿಂದಿದ್ದೆ ಯವ್ವಾ ನಾ" ಅಂತ ಈಗಲೂ ಹೇಳುತ್ತಾಳೆ. ಅಳುತ್ತ ಹೇಳುವುದಿಲ್ಲ. ಎಲ್ಲೋ ಒಂದು ಲೆಕ್ಕ ತಪ್ಪಿದೆ, ಎಷ್ಟು ಸಲ ಕೂಡಿಸಿದರೂ ಸರಿ ಬರುತ್ತಿಲ್ಲ ಅನ್ನುವ ಹಾಗೆ ಹೇಳುತ್ತಾಳೆ. ಅವತ್ತಿನಿಂದ ಅವಳ ಚಹಾಕ್ಕೆ ಬೆಲ್ಲವೇ.

ಬಳೆ ಒಡೆದದ್ದು ಕೆರೆ ದಂಡೆಯಲ್ಲಿ. ಬಟ್ಟೆ ಒಗೆಯುವ ಕಲ್ಲಿಗೆ ಕೈ ಬಡಿಸಿ ಒಡೆದರು. ಒಡೆದವರೂ ಹೆಂಗಸರೇ, ಅವರ ಕಣ್ಣಲ್ಲೂ ನೀರಿತ್ತಂತೆ. ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ ಬಳಿ ಅವ್ವನ ಕೈ ಇತ್ತು, ಹಬ್ಬಕ್ಕೆ ಇಟ್ಟ ಹೊಸ ಬಳೆಗಳ ಜೊತೆ. ಗಂಡನ ಹಿಂದೆ ಸತ್ತವಳ ಕೈಯಲ್ಲಿ ನೂರಾರು ವರ್ಷವಾದರೂ ಬಳೆ. ಗಂಡ ಸತ್ತ ಮೇಲೂ ಉಸಿರಾಡುತ್ತಿದ್ದವಳದ್ದು ಬರಿಗೈ. ಅತ್ತೆ ಆ ಕಲ್ಲಿಗೆ ಬೆನ್ನು ಮಾಡಿದ್ದು ಅವತ್ತಿನಿಂದ.

ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಓದುವಾಗ ಶಾಸನದ ಪಾಠ ಇತ್ತು. ಆಗಲೇ ನನಗೆ ನಮ್ಮೂರಿನ ವೀರಗಲ್ಲು ಬೇರೆ ಥರ ಕಾಣಲು ಶುರುವಾಗಿದ್ದು. ಕರ್ನಾಟಕದ ಎಷ್ಟೋ ವೀರಗಲ್ಲುಗಳ ಮೇಲೆ ಒಂದು ಶ್ಲೋಕ ಇರುತ್ತದೆ. 'ಜಿತೇನ ಲಭ್ಯತೇ ಲಕ್ಷ್ಮೀ, ಮೃತೇನಾಪಿ ಸುರಾಂಗನಾ.' ಗೆದ್ದರೆ ಲಕ್ಷ್ಮಿ ಸಿಗುತ್ತಾಳೆ, ಸತ್ತರೂ ಸುರಾಂಗನೆ, ಅಂದರೆ ಅಪ್ಸರೆ, ಸಿಗುತ್ತಾಳೆ. ಗಳಿಗೆಯಲ್ಲಿ ಅಳಿದು ಹೋಗುವ ಮೈ ಇದು, ರಣದಲ್ಲಿ ಸಾಯೋಕೆ ಯಾಕೆ ಚಿಂತೆ ಅಂತ ಮುಂದಿನ ಸಾಲು. ಮೇಷ್ಟ್ರು ಇದನ್ನು ತುಂಬಾ ಅಭಿಮಾನದಿಂದ ಓದಿದರು. ಚೆನ್ನಾಗಿಯೂ ಓದಿದರು. ನನಗೆ ಮಾತ್ರ ಆ ನಡುವಿನ ಪಟ್ಟಿಯ ಅಪ್ಸರೆಯರು ಕಣ್ಣ ಮುಂದೆ ಬಂದರು. ಗೆದ್ದರೂ ಒಬ್ಬ ಹೆಣ್ಣು, ಸತ್ತರೂ ಒಬ್ಬ ಹೆಣ್ಣು, ಎರಡೂ ಬಹುಮಾನ. ಮನೆಯಲ್ಲಿ ಬಿಟ್ಟು ಬಂದವಳು ಈ ಶ್ಲೋಕದಲ್ಲಿ ಎಲ್ಲೂ ಇಲ್ಲ. ಅವಳು ಪಕ್ಕದ ಕಲ್ಲಿನಲ್ಲಿದ್ದಾಳೆ, ಅದೂ ಒಂದು ಕೈ ಮಾತ್ರ.

ಅದೇ ಪಾಠದಲ್ಲಿ ಇನ್ನೆರಡು ಹಳಗನ್ನಡದ ಮಾತುಗಳು ಸಿಕ್ಕವು. ವೀರ ಯಾಕೆ ಸತ್ತ ಅಂತ ಶಾಸನ ಹೇಳುತ್ತದೆ. ತುರುಗೋಳ್, ಅಂದರೆ ದನ ಹೊಡೆದುಕೊಂಡು ಹೋಗುವಾಗಿನ ಕಾದಾಟ. ಊರಳಿವು. ಗಡಿಕಾಳಗ. ಇವುಗಳ ಜೊತೆಗೇ ಪೆಣ್ಬುಯ್ಯಲ್, ಅಂದರೆ ಹೆಂಗಸರ ಮೊರೆ. ಆಮೇಲೆ ಉಡೆಯುರ್ಚು. ಹೆಂಗಸರು ಉಟ್ಟದ್ದನ್ನು ಸೆಳೆಯುವುದು. ಊರಿನ ಮೇಲೆ ಬಿದ್ದವರು ದನ ಹೊಡೆದುಕೊಂಡು ಹೋಗುತ್ತಿದ್ದರು, ಹೆಂಗಸರ ಉಡೆ ಉರ್ಚುತ್ತಿದ್ದರು. ಅದಕ್ಕೆ ಒಂದು ಪದವೇ ಇತ್ತು ಅಂದರೆ ಅದು ಎಷ್ಟು ಸಾಮಾನ್ಯವಾಗಿತ್ತು ಅಂತ ಲೆಕ್ಕ ಹಾಕಿ. ಯುದ್ಧದಲ್ಲಿ ಹೆಂಗಸರ ಮೇಲೆ ಕೈ ಮಾಡುವುದು ಯಾರೋ ಒಬ್ಬಿಬ್ಬ ಕೆಟ್ಟ ಸಿಪಾಯಿಗಳ ಕೆಲಸ ಅಂತ ನಾವು ಅಂದುಕೊಳ್ಳುತ್ತೇವೆ. ಶಾಸನ ಬರೆಸಿದವರು ಹಾಗೆ ಅಂದುಕೊಂಡಿರಲಿಲ್ಲ. ಯುದ್ಧ ಅಂದರೆ ಇದೂ ಇರುತ್ತೆ ಅಂತ ಅವರಿಗೆ ಗೊತ್ತಿತ್ತು. ದನದ ಪಕ್ಕದಲ್ಲಿ ಹೆಂಗಸರನ್ನು ಬರೆಸಿದ್ದೂ ಸುಮ್ನೆ ಅಲ್ಲ. ಎರಡೂ ಊರಿನ ಸೊತ್ತು.

ಮಾವ ಸತ್ತ ಯುದ್ಧದ ಬಗ್ಗೆ ನಾನು ಓದಿದ್ದು ಅದಾದ ಮೇಲೆ. ನಮ್ಮ ಮನೆಯಲ್ಲಿ ಅದರ ಬಗ್ಗೆ ಗೊತ್ತಿದ್ದದ್ದು ಎರಡೇ ವಿಷಯ. ನಾವು ಗೆದ್ದೆವು. ಮಾವ ಬರಲಿಲ್ಲ.

ಈಗಿನ ಬಾಂಗ್ಲಾದೇಶ ಆಗ ಪೂರ್ವ ಪಾಕಿಸ್ತಾನ. 1971ರ ಮಾರ್ಚ್ 25ರ ರಾತ್ರಿ ಅಲ್ಲಿನ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶುರು ಮಾಡಿದ ಕೊಲೆ ಒಂಬತ್ತು ತಿಂಗಳು ನಡೆಯಿತು. ಸುಮಾರು 1 ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಆ ಒಂಬತ್ತು ತಿಂಗಳಲ್ಲಿ ಪಾಕಿಸ್ತಾನದ ಸೈನಿಕರು ಮತ್ತು ಅವರಿಗೆ ಕೈಜೋಡಿಸಿದ ಊರವರು ಬಂಗಾಳದ ಹೆಂಗಸರನ್ನು ಮನೆಗಳಿಂದ ಎಳೆದೊಯ್ದರು. ಶಿಬಿರಗಳಲ್ಲಿ ಕೂಡಿಹಾಕಿದರು. ಎಷ್ಟು ಜನ? ಬಾಂಗ್ಲಾದೇಶದ ಸರ್ಕಾರ 2 ಲಕ್ಷ ಅನ್ನುತ್ತದೆ. 4 ಲಕ್ಷದವರೆಗೂ ಹೇಳುವವರಿದ್ದಾರೆ. ಶರಣಾದವರ ಸಂಖ್ಯೆ ನಮ್ಮ ಕಡೆ ಶಾಲೆ ಮಕ್ಕಳಿಗೂ ಬಾಯಿಪಾಠ, 93,000. ಅವರನ್ನು ಸಾಲಾಗಿ ನಿಲ್ಲಿಸಿ ಎಣಿಸಿದರು, ಊಟ ಕೊಟ್ಟರು, ಆಮೇಲೆ ಅವರ ದೇಶಕ್ಕೆ ಕಳಿಸಿದರು. ಅದು ಸರಿಯೇ, ಕೈದಿಗಳನ್ನು ಹಾಗೇ ನಡೆಸಿಕೊಳ್ಳಬೇಕು. ಆದರೆ ಹೆಂಗಸರ ಲೆಕ್ಕದಲ್ಲಿ ಲಕ್ಷ ಲಕ್ಷಗಳು ಅತ್ತಿತ್ತ ಆಗುತ್ತವೆ. ನಾನು ಈ ಎರಡು ಸಂಖ್ಯೆಗಳನ್ನು ಒಂದೇ ಹಾಳೆಯಲ್ಲಿ ಬರೆದು ಎಷ್ಟೋ ಹೊತ್ತು ನೋಡುತ್ತ ಕೂತಿದ್ದೆ.

ಯುದ್ಧ ಮುಗಿದು ಒಂದು ವಾರದೊಳಗೆ, ಡಿಸೆಂಬರ್ 22ರಂದು, ಹೊಸ ದೇಶದ ಸರ್ಕಾರ ಈ ಹೆಂಗಸರಿಗೆ ಒಂದು ಬಿರುದು ಕೊಟ್ಟಿತು. ಬೀರಾಂಗೊನಾ. ನಮ್ಮ ವೀರಾಂಗನೆಯೇ ಅದು. ಕೊಟ್ಟವರ ಮನಸ್ಸು ಒಳ್ಳೆಯದೇ ಇತ್ತು ಅಂತ ನಾನು ನಂಬುತ್ತೇನೆ. ಇವರನ್ನು ಕೀಳಾಗಿ ನೋಡಬೇಡಿ, ಇವರೂ ದೇಶಕ್ಕಾಗಿ ನೊಂದವರು ಅಂತ ಹೇಳುವ ಪ್ರಯತ್ನ. ಜಗತ್ತಿನಲ್ಲಿ ಯಾವ ಸರ್ಕಾರವೂ ಇಷ್ಟು ಬೇಗ, ಇಷ್ಟು ಬಹಿರಂಗವಾಗಿ ಈ ವಿಷಯ ಎತ್ತಿದ್ದು ಕಡಿಮೆ. ಆದರೆ ಓಣಿಯ ಬಾಯಿ ಬೇರೆ. ಬೀರಾಂಗೊನಾ ಅನ್ನೋದನ್ನು ಜನ ಬಾರಾಂಗೊನಾ ಮಾಡಿದರು, ಅಂದರೆ ವೇಶ್ಯೆ. ಕನ್ನಡದಲ್ಲೂ ಹಾಗೇ ಆಗುತ್ತೆ ನೋಡಿ. ವೀರಾಂಗನೆ, ವಾರಾಂಗನೆ. ಒಂದು ಗುಡಿಸು ತೆಗೆದು ಒಂದು ಇಳಿ ಹಾಕಿದರೆ ಮುಗೀತು. ಕಲ್ಲಿನ ಮೇಲಿನ ಸುರಾಂಗನೆಯನ್ನೂ ಇದರ ಪಕ್ಕ ಇಟ್ಟು ನೋಡಿ. ಮೂರೂ ಹೆಸರು ಬೇರೆಯವರು ಇಟ್ಟದ್ದು. ಮೂರಕ್ಕೂ ಗಂಡಸು ಒಂದು ಕಡೆ ನಿಂತಿದ್ದಾನೆ. ಒಬ್ಬ ಸತ್ತು ಸ್ವರ್ಗಕ್ಕೆ ಬಂದವನು, ಒಬ್ಬ ದೇಶ ಕಟ್ಟುವವನು, ಒಬ್ಬ ದುಡ್ಡು ಕೊಡುವವನು.

1972ರಲ್ಲಿ ಪುನರ್ವಸತಿ ಕೇಂದ್ರಗಳು ಶುರುವಾದವು. ಬಸಿರಾದವರಿಗೆ ಗರ್ಭಪಾತ ಮಾಡಿಸಲು ಹೊರದೇಶದಿಂದ ಡಾಕ್ಟರುಗಳು ಬಂದರು. ಹುಟ್ಟಿದ ಎಷ್ಟೋ ಮಕ್ಕಳನ್ನು ಕೆನಡಾ ಮುಂತಾದ ದೇಶಗಳಿಗೆ ದತ್ತು ಕೊಟ್ಟರು. ಬೇಡ ಅಂದವರಿಗೆ ಅದು ನೆಮ್ಮದಿ. ಆದರೆ ಬೇಕು ಅಂದ ತಾಯಂದಿರೂ ಇದ್ದರು. ಹೊಲಿಗೆ, ಟೈಪಿಂಗ್ ಕಲಿಸಿದರು. ಇವರನ್ನು ಮದುವೆಯಾಗಿ ಅಂತ ಯುವಕರಿಗೆ ಕರೆ ಕೊಟ್ಟರು. ಕೆಲವರು ಮುಂದೆ ಬಂದರು, ಬಂದವರಲ್ಲಿ ಕೆಲವರು ವರದಕ್ಷಿಣೆ ಕೇಳಿದರು. ಆ ಕೇಂದ್ರಗಳಲ್ಲಿ ಕೆಲಸ ಮಾಡಿದ ನೀಲಿಮಾ ಇಬ್ರಾಹಿಂ ಅನ್ನುವ ಢಾಕಾದ ಪ್ರಾಧ್ಯಾಪಕಿ ಒಂದು ವಿಷಯ ಬರೆದಿಟ್ಟಿದ್ದಾರೆ. ಕೈದಿಗಳಾದ ಪಾಕಿಸ್ತಾನಿ ಸೈನಿಕರು ಹೊರಟಾಗ ಕೆಲವು ಹೆಂಗಸರು ಅವರ ಜೊತೆಗೇ ಹೊರಟು ನಿಂತರು. ಯಾಕೆ ಅಂತ ಕೇಳಲು ಅವರು ಹೋದರು. ಇಲ್ಲಿ ನಮ್ಮನ್ನು ಯಾರು ಇಟ್ಟುಕೊಳ್ಳುತ್ತಾರೆ ಅನ್ನೋದು ಆ ಹೆಂಗಸರ ಮಾತಿನ ತಾತ್ಪರ್ಯ. ತಮ್ಮನ್ನು ಹಾಳು ಮಾಡಿದವರ ಜೊತೆ ಗುರುತಿಲ್ಲದ ದೇಶಕ್ಕೆ ಹೋಗುವುದು ತಮ್ಮ ಊರಿಗೆ ಹಿಂತಿರುಗುವುದಕ್ಕಿಂತ ವಾಸಿ ಅನ್ನಿಸಿತು ಅವರಿಗೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

1972ರಲ್ಲೇ, ನಮ್ಮೂರಲ್ಲಿ, ಅತ್ತೆಗೆ ಉಡಿಕೆ ಮಾಡಿದರು.

ನಮ್ಮ ಕಡೆ ವಿಧವೆಗೆ ಮಾಡುವ ಮರುಮದುವೆಗೆ ಉಡಿಕೆ ಅಂತಾರೆ. ಮದುವೆ ಅನ್ನೋದಿಲ್ಲ. ವಾಲಗ ಇಲ್ಲ, ಚಪ್ಪರ ಇಲ್ಲ. ಹೊಸ ಸೀರೆ ಉಡಿಸಿ, ಬಳೆ ಇಡಿಸಿ ಒಳಗೆ ಕರೆದುಕೊಳ್ಳುತ್ತಾರೆ, ಅಷ್ಟೇ. ಅತ್ತೆಗೆ ಗಂಡು ಮೈದುನ. ಅವನಿಗೆ ಆಗ ಹದಿನೇಳು. ಬೇರೆ ಕಡೆ ಕೊಟ್ಟರೆ ಪಿಂಚಣಿ ನಿಲ್ಲುತ್ತೆ, ಗಂಡನ ತಮ್ಮನನ್ನೇ ಆದರೆ ನಿಲ್ಲೋದಿಲ್ಲ ಅಂತ ತಿಳಿದವರು ಯಾರೋ ಹೇಳಿದರಂತೆ. ಹಿರಿಯರು ಎರಡು ಸಂಜೆ ಕೂತು ಮಾತಾಡಿ ಮುಗಿಸಿದರು. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದರಲ್ಲಿ ಏನಿತ್ತು ಅಂತ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ.

ಆ ಹುಡುಗನನ್ನು ಅವಳು 'ತಮ್ಮಾ' ಅಂತ ಕರೆಯುತ್ತಿದ್ದಳು. ಅವನಿಗೆ ತಲೆಗೆ ಎಣ್ಣೆ ಹಚ್ಚಿ, ಬುತ್ತಿ ಕಟ್ಟಿ ಸಾಲಿಗೆ ಕಳಿಸಿದವಳು. ಉಡಿಕೆ ಆದ ಮೇಲೆ ಅವಳು ಅವನನ್ನು ಏನಂತಲೂ ಕರೆಯಲಿಲ್ಲ. ಐವತ್ತು ವರ್ಷ. ಎರಡು ಮಕ್ಕಳಾದವು, ಹೊಲ ಮನೆ ಎಲ್ಲ ಆಯಿತು. "ಕೇಳಿದ್ರೇನು?" ಅಂತ ಮಾತು ಶುರು ಮಾಡುತ್ತಿದ್ದಳು, ಹೆಸರಿಲ್ಲದೆ, ಸಂಬಂಧದ ಹೆಸರೂ ಇಲ್ಲದೆ. ಅವನು ಒಳ್ಳೆಯ ಮನುಷ್ಯ. ಒಂದು ದಿನ ಕೈ ಎತ್ತಿದವನಲ್ಲ. ಮೂರು ವರ್ಷದ ಹಿಂದೆ ಅವನೂ ತೀರಿಕೊಂಡ. ಆಗ ಅತ್ತೆ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು. "ಅವನ್ನೂ ಯಾರೂ ಕೇಳಿರ್ಲಿಲ್ಲ ಯವ್ವಾ."

ಪಿಂಚಣಿಯ ಈ ನಿಯಮ ಬರೀ ಊರ ಹಿರಿಯರ ಮಾತು ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. 2017ರ ನವೆಂಬರಿನಲ್ಲಿ ಪೇಪರಿನಲ್ಲಿ ಒಂದು ಸುದ್ದಿ ನೋಡಿ ಬೆಚ್ಚಿಬಿದ್ದೆ. ಶೌರ್ಯ ಪ್ರಶಸ್ತಿ ಪಡೆದ ಸೈನಿಕ ಸತ್ತ ಮೇಲೆ ಅವನ ಹೆಂಡತಿಗೆ ಬರುವ ಭತ್ಯೆಗೆ ಅಲ್ಲಿಯವರೆಗೂ ಒಂದು ಷರತ್ತು ಇತ್ತು. ಅವಳು ಮರುಮದುವೆ ಆದರೆ ಭತ್ಯೆ ನಿಲ್ಲುತ್ತಿತ್ತು. ಗಂಡನ ಅಣ್ಣತಮ್ಮಂದಿರನ್ನು ಆದರೆ ಮಾತ್ರ ಮುಂದುವರಿಯುತ್ತಿತ್ತು. ರಕ್ಷಣಾ ಇಲಾಖೆ ಆ ತಿಂಗಳು ಆ ಷರತ್ತು ತೆಗೆದುಹಾಕಿತು. ಒಳ್ಳೆಯದೇ ಆಯಿತು. ಆದರೆ 2017ರವರೆಗೆ ಅದು ಲಿಖಿತ ನಿಯಮವಾಗಿತ್ತು! ಸೈನಿಕನ ಶೌರ್ಯಕ್ಕೆ ಕೊಟ್ಟ ಹಣ ಅವನ ಮನೆತನದ ಒಳಗೇ ಇರಬೇಕು, ಅದರ ಜೊತೆಗೆ ಅವಳೂ ಒಳಗೇ ಇರಬೇಕು. ನಾನು ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡೆ. ತುರುಗೋಳ್ ಮತ್ತು ಪೆಣ್ಬುಯ್ಯಲ್ ಪದಗಳನ್ನು ಬರೆದುಕೊಂಡ ಹಳೇ ನೋಟ್ ಪುಸ್ತಕದಲ್ಲೇ.

ಸ್ತ್ರೀವಾದಿಗಳು ಯುದ್ಧದ ಬಗ್ಗೆ ಮಾತಾಡಿದರೆ ಜನ ಥಟ್ಟನೆ ಒಂದು ತೀರ್ಮಾನಕ್ಕೆ ಬರುತ್ತಾರೆ. ಹೆಂಗಸರು ಮೃದು ಮನಸ್ಸಿನವರು, ತಾಯಂದಿರು, ಅದಕ್ಕೇ ಯುದ್ಧ ಬೇಡ ಅಂತಾರೆ ಅಂತ. ನನಗೆ ಅದು ಒಪ್ಪಿಗೆ ಇಲ್ಲ. ಒನಕೆ ಓಬವ್ವ, ಬೆಳವಡಿ ಮಲ್ಲಮ್ಮ, ಕಿತ್ತೂರು ಚೆನ್ನಮ್ಮನ ನಾಡಿನವಳು ನಾನು. ಚೆನ್ನಮ್ಮನ ಸಮಾಧಿ ಇರುವುದೇ ನಮ್ಮ ಬೈಲಹೊಂಗಲದಲ್ಲಿ. ಹೆಂಗಸರು ಕಾದಾಡಬಲ್ಲರು, ಬೇರೆ ಹೆಂಗಸರ ಮೇಲೆ ಕ್ರೌರ್ಯ ನಡೆಯುವಾಗ ಸುಮ್ಮನೆ ನಿಂತು ನೋಡಲೂ ಬಲ್ಲರು. ಅತ್ತೆಯ ಬಳೆ ಒಡೆದದ್ದು ಹೆಂಗಸರೇ ಅಲ್ವಾ? ಹೆಣ್ಣಿನ ಸ್ವಭಾವದ ಬಗ್ಗೆ ನನಗೆ ಹೇಳುವುದೇನೂ ಇಲ್ಲ. ಯುದ್ಧ ಶುರುವಾದ ಕೂಡಲೇ ಹೆಣ್ಣಿನ ಮೈ ಯಾರದ್ದು ಅನ್ನುವ ಪ್ರಶ್ನೆಗೆ ಎರಡೂ ಕಡೆಯವರ ಉತ್ತರ ಹೇಗೆ ಒಂದೇ ಆಗಿಬಿಡುತ್ತೆ ಅನ್ನೋದು ನನ್ನನ್ನು ಕಾಡುವ ವಿಷಯ. ಶತ್ರು ಅವಳನ್ನು ಕೆಡಿಸುವುದು ಅವಳ ಮನೆಯವರ ಮಾನ ಕಳೆಯಲು. ಮನೆಯವರು ಅವಳನ್ನು ಹೊರಗೆ ಹಾಕುವುದು ತಮ್ಮ ಮಾನ ಉಳಿಸಿಕೊಳ್ಳಲು. ಬಂದೂಕಿನ ಎರಡೂ ಕಡೆ ನಿಂತವರು ಆ ಒಂದು ಪದವನ್ನು ಮಾತ್ರ ಒಪ್ಪಿಕೊಂಡಿದ್ದಾರೆ.

ಕಾನೂನೂ ಅದೇ ಪದ ಹಿಡಿದಿತ್ತು. 1949ರ ನಾಲ್ಕನೇ ಜಿನೀವಾ ಒಪ್ಪಂದದ 27ನೇ ವಿ‍ಧಿ ಯುದ್ಧದ ಕಾಲದಲ್ಲಿ ಹೆಂಗಸರನ್ನು ಅವರ 'ಮಾನ'ದ ಮೇಲಿನ ದಾಳಿಯಿಂದ ಕಾಪಾಡಬೇಕು ಅನ್ನುತ್ತದೆ, ಅದರಲ್ಲೂ ಅತ್ಯಾಚಾರದಿಂದ. ಪೆಟ್ಟು ಬಿದ್ದದ್ದು ಮೈಗೆ, ಮನಸ್ಸಿಗೆ. ಬರೆದಿಟ್ಟದ್ದು ಮಾನ ಅಂತ. ನಮ್ಮ ಪತ್ರಿಕೆಗಳು ಎಷ್ಟೋ ವರ್ಷ ಬರೆದದ್ದೂ 'ಮಾನಭಂಗ' ಅಂತಲೇ. ಕೈ ಮುರಿದರೆ ಕೈ ಮುರಿಯಿತು ಅಂತೀವಿ, ಮಾನ ಮುರಿಯಿತು ಅನ್ನೋದಿಲ್ಲ.

ಅದು ಸ್ವಲ್ಪ ಬದಲಾದದ್ದು 1998ರಲ್ಲಿ. ರುವಾಂಡಾದಲ್ಲಿ 1994ರಲ್ಲಿ ನಡೆದ ನರಮೇಧದ ವಿಚಾರಣೆ ಟಾಂಜಾನಿಯಾದ ಅರುಷಾದಲ್ಲಿ ನಡೆಯುತ್ತಿತ್ತು. ಆರೋಪಿ ಅಕಾಯೆಸು, ಒಂದು ಊರಿನ ಮೇಯರ್. ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಕೊಲೆಯ ಬಗ್ಗೆ ಸಾಕ್ಷಿ ಹೇಳಲು ಬಂದ ಒಬ್ಬ ಹೆಂಗಸು ನಡುವೆ ತನ್ನ ಸಣ್ಣ ಮಗಳ ಮೇಲೆ ನಡೆದದ್ದನ್ನು ಹೇಳಿದಳು. ಪೀಠದಲ್ಲಿ ಮೂವರು ನ್ಯಾಯಾಧೀಶರು. ಅವರಲ್ಲಿ ಒಬ್ಬರೇ ಹೆಂಗಸು, ದಕ್ಷಿಣ ಆಫ್ರಿಕಾದ ಡರ್ಬನ್ನಿನ ತಮಿಳು ಮೂಲದ ಮನೆಯಲ್ಲಿ ಹುಟ್ಟಿದ ನವನೀತಂ ಪಿಳ್ಳೈ. ಆ ಮಾತು ಸುಮ್ಮನೆ ಹೋಗಲು ನ್ಯಾಯಪೀಠ ಬಿಡಲಿಲ್ಲ. ಇನ್ನಷ್ಟು ಹೆಂಗಸರು ಬಂದು ಸಾಕ್ಷಿ ಹೇಳಿದರು. ಆರೋಪಪಟ್ಟಿ ತಿದ್ದಿದರು. ತೀರ್ಪು ಬಂದಾಗ ಅತ್ಯಾಚಾರವೂ ನರಮೇಧದ ಒಂದು ಅಸ್ತ್ರ ಅಂತ ಮೊದಲ ಸಲ ಒಂದು ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು. ಬಲವಂತದ ಸನ್ನಿವೇಶದಲ್ಲಿ ಒಬ್ಬ ವ್ಯಕ್ತಿಯ ದೇಹದ ಮೇಲೆ ನಡೆಯುವ ಲೈಂಗಿಕ ದಾಳಿ ಅಂತ ಅದನ್ನು ವಿವರಿಸಿತು. ವ್ಯಕ್ತಿ, ದೇಹ. ನನಗೆ ಈ ಎರಡು ಪದಗಳು ದೊಡ್ಡವು. ಮನೆತನ ಇಲ್ಲ, ಊರು ಇಲ್ಲ, ಕುಲ ಇಲ್ಲ. ಅವಳು.

ಢಾಕಾದಲ್ಲಿ ಈ ಮಾತಿಗೆ ಇನ್ನೂ ಜಾಸ್ತಿ ಕಾಲ ಬೇಕಾಯಿತು. 1992ರಲ್ಲಿ, ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಜಹನಾರಾ ಇಮಾಂ ಅವರ ಮುಂದಾಳತ್ವದಲ್ಲಿ ಅಪರಾಧಿಗಳ ವಿರುದ್ಧ ಜನರ ಅದಾಲತ್ತು ನಡೆಯಿತು. ಕುಷ್ಟಿಯಾ ಕಡೆಯ ಹಳ್ಳಿಯ ಮೂವರು ಬಡ ಹೆಂಗಸರನ್ನು ಅಲ್ಲಿಗೆ ಕರೆತಂದರು. ಅವರ ಫೋಟೊ ಪತ್ರಿಕೆಗಳಲ್ಲಿ ಬಂತು. ಚಳವಳಿಗೆ ಅದರಿಂದ ಬಲ ಬಂತು, ನಿಜ. ಆ ಹೆಂಗಸರು ಹಳ್ಳಿಗೆ ಹಿಂತಿರುಗಿದಾಗ ಊರು ಅವರನ್ನು ಚುಚ್ಚಿ ಮಾತಾಡಿತು. ಒಳ್ಳೆಯ ಕೆಲಸಕ್ಕೆ ನಿಂತವರೂ ಅವರನ್ನು ಸರಿಯಾಗಿ ಕೇಳಿರಲಿಲ್ಲ. ಇದನ್ನು ನಾನು ಹೆಣ್ಣುಮಕ್ಕಳ ಪರ ಬರೆಯುವ ನನಗೇ ಹೇಳಿಕೊಳ್ಳುತ್ತೇನೆ. ನಾನು ಈ ಬರಹಕ್ಕೆ ಅತ್ತೆಯ ಒಪ್ಪಿಗೆ ಕೇಳಿದ್ದೇನೆ. ಹೆಸರು ಹಾಕಬೇಡ ಅಂದಳು. ಹಾಕಿಲ್ಲ.

ತಾನಾಗಿಯೇ ಮಾತಾಡಿದವರೂ ಇದ್ದಾರೆ. ಖುಲ್ನಾದ ಫಿರ್ದೌಸಿ ಪ್ರಿಯಭಾಷಿಣಿ. ತನ್ನ ಮೇಲೆ 1971ರಲ್ಲಿ ನಡೆದದ್ದನ್ನು 1990ರ ದಶಕದ ಕೊನೆಯಲ್ಲಿ ತನ್ನ ಹೆಸರು, ತನ್ನ ಮುಖದೊಂದಿಗೆ ಹೇಳಿದ ಮೊದಲಿಗರಲ್ಲಿ ಒಬ್ಬರು. ಅವರು ಶಿಲ್ಪಿ. ಒಣಗಿದ ಬೇರು, ಮುರಿದ ಕೊಂಬೆ, ಯಾರೋ ಬಿಸಾಡಿದ ಮರದ ತುಂಡು, ಇಂಥವುಗಳಿಂದ ಶಿಲ್ಪ ಮಾಡುತ್ತಿದ್ದರು. ಅವರ ಫೋಟೊಗಳಲ್ಲಿ ಹಣೆ ಮೇಲೆ ದೊಡ್ಡ ಕುಂಕುಮದಂಥ ಬೊಟ್ಟು ಕಾಣುತ್ತದೆ. 2018ರ ಮಾರ್ಚಿನಲ್ಲಿ ತೀರಿಕೊಂಡರು. ಬೀರಾಂಗೊನಾರನ್ನು ಸ್ವಾತಂತ್ರ್ಯ ಹೋರಾಟಗಾರರು ಅಂತ ಸರ್ಕಾರ ದಾಖಲೆಯಲ್ಲಿ ಸೇರಿಸಲು ಶುರು ಮಾಡಿದ್ದು 2015ರಲ್ಲಿ. ಹೋರಾಟಗಾರರಿಗೆ ಸಿಗುವ ಭತ್ಯೆ ಅವರಿಗೂ ಸಿಗುವಂತಾಯಿತು. 44 ವರ್ಷ. ಅಷ್ಟರಲ್ಲಿ ಎಷ್ಟು ಜನ ಉಳಿದಿದ್ದರು? ಇನ್ನು, ಅದೇ ಯುದ್ಧದಲ್ಲಿ ಬಂಗಾಳಿಗಳ ಕೈಯಲ್ಲಿ ನರಳಿದ ಉರ್ದು ಮಾತಾಡುವ ಬಿಹಾರಿ ಹೆಂಗಸರಿಗೆ ಯಾವ ಬಿರುದೂ ಇಲ್ಲ. ಸೋತವರ ಕಡೆಯವರಲ್ಲವೇ.

ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. 1971ರಲ್ಲಿ ಭಾರತ ಹೋಗದಿದ್ದರೆ ಆ ಶಿಬಿರಗಳ ಬಾಗಿಲು ಯಾರು ತೆಗೆಯುತ್ತಿದ್ದರು? ನನ್ನ ಮಾವನಂಥ ಹುಡುಗರು ಹೋಗಿದ್ದಕ್ಕೇ ಆ ಹೆಂಗಸರು ಹೊರಗೆ ಬಂದರು. ನಾನು ಆ ಯುದ್ಧ ಬೇಡವಾಗಿತ್ತು ಅಂತ ಹೇಳಲಾರೆ. ಬೆಚ್ಚಗಿನ ಕೋಣೆಯಲ್ಲಿ ಕೂತು ಹಾಗೆ ಬರೆಯುವುದು ಸುಲಭ, ಆದರೆ ಅದು ಸುಳ್ಳಾಗುತ್ತೆ. ಹಾಗಂತ ಬಿಡಿಸಿದವರ ಕಥೆಯನ್ನು ಅಲ್ಲಿಗೇ ನಿಲ್ಲಿಸಲೂ ನನಗೆ ಆಗುತ್ತಿಲ್ಲ. ಬಾಗಿಲು ತೆಗೆದ ಮೇಲೆ ಆ ಹೆಂಗಸರು ಎಲ್ಲಿಗೆ ಹೋದರು ಅನ್ನೋದು ನಮ್ಮ ಗೆಲುವಿನ ಕಥೆಯಲ್ಲಿ ಇಲ್ಲ. ಡಿಸೆಂಬರ್ 16 ಬಂದರೆ ಆ ಶರಣಾಗತಿಯ ಫೋಟೊ ಎಲ್ಲ ಕಡೆ ಬರುತ್ತೆ. ಮೇಜಿನ ಮುಂದೆ ಕೂತು ಸಹಿ ಮಾಡುವವರು, ಹಿಂದೆ ಸಾಲಾಗಿ ನಿಂತ ಗಂಡಸರು. ಆ ಫೋಟೊದಲ್ಲಿ ಹೆಂಗಸರನ್ನು ಹುಡುಕಬೇಡಿ.

ನಮ್ಮ ಗಡಿಯೊಳಗೂ ಉಡೆಯುರ್ಚು ಮುಗಿದಿಲ್ಲ. 2004ರ ಜುಲೈ 15ರಂದು ಇಂಫಾಲದ ಕಾಂಗ್ಲಾ ಕೋಟೆಯ ಮುಂದೆ ಹನ್ನೆರಡು ತಾಯಂದಿರು ತಾವೇ ತಮ್ಮ ಉಡೆ ತೆಗೆದು ನಿಂತರು. ಥಾಂಗ್‌ಜಮ್ ಮನೋರಮಾ ಎಂಬ ಹೆಣ್ಣುಮಗಳನ್ನು ಅರೆಸೇನೆಯವರು ರಾತ್ರಿ ಮನೆಯಿಂದ ಕರೆದೊಯ್ದಿದ್ದರು, ಮರುದಿನ ಅವಳ ಹೆಣ ಸಿಕ್ಕಿತ್ತು. ಸೆಳೆಯುವವರ ಕೈಗೆ ಏನೂ ಉಳಿಯದ ಹಾಗೆ ಮಾಡಿದರು ಆ ತಾಯಂದಿರು. ಅದೇ ಮಣಿಪುರದಲ್ಲಿ 2023ರ ಮೇ ತಿಂಗಳಲ್ಲಿ ಕುಕಿ ಹೆಂಗಸರನ್ನು ಬೆತ್ತಲೆ ಮಾಡಿ ಗುಂಪು ಮೆರವಣಿಗೆ ಮಾಡಿತು. ಆ ವಿಡಿಯೊ ನಾನು ನೋಡಲಿಲ್ಲ. ಶಾಸನದ ಪದ ನೆನಪಾಯಿತು, ಅಷ್ಟು ಸಾಕಿತ್ತು.

ಎರಡು ವರ್ಷದ ಹಿಂದೆ ನಮ್ಮ ಕಡೆ ಒಂದು ಕಾರ್ಯಕ್ರಮಕ್ಕೆ ಅತ್ತೆಯನ್ನು ಕರೆದರು. ಯುದ್ಧದಲ್ಲಿ ಮಡಿದ ಸೈನಿಕರ ಹೆಂಡಂದಿರಿಗೆ ಸನ್ಮಾನ. ನಮ್ಮ ಸೇನೆಯ ಭಾಷೆಯಲ್ಲಿ ಅವರಿಗೆ ವೀರನಾರಿ ಅಂತ ಹೆಸರು. ನಾನೂ ಜೊತೆಗೆ ಹೋಗಿದ್ದೆ. ವೇದಿಕೆಯ ಪಕ್ಕದಲ್ಲಿ ಪಟ್ಟಿ ಹಿಡಿದುಕೊಂಡ ಇಬ್ಬರು ಅತ್ತೆಯ ಎದುರಿಗೇ ಮಾತಾಡಿಕೊಂಡರು.

"ಇವರ್ದು ಉಡಿಕಿ ಆಗೇತಂತಲ್ರೀ. ವೀರನಾರಿ ಅನ್ನಾಕ ಬರ್ತೈತೇನು?"

"ಮನ್ಯಾಗ ಆಗ್ಯಾರ ಬಿಡ್ರಿ, ಮೈದುನ್ನ. ನಡೀತೈತಿ."

ಅತ್ತೆ ಎರಡೂ ಮಾತು ಕೇಳಿಸಿಕೊಂಡಳು. ಶಾಲು ಹೊದಿಸಿದರು, ಹೂವಿನ ಹಾರ ಹಾಕಿದರು, ಕೈಗೆ ಒಂದು ಫಲಕ ಕೊಟ್ಟರು. ಫೋಟೊ ತೆಗೆದರು. ಬಸ್ಸಿನಲ್ಲಿ ಬರುವಾಗ ಶಾಲನ್ನು ಮಡಚಿ ತೊಡೆ ಮೇಲೆ ಇಟ್ಟುಕೊಂಡು ಅದರ ಅಂಚು ನೋಡುತ್ತ ಕೂತಿದ್ದಳು. ಮಾತಾಡಲಿಲ್ಲ.

ಆ ರಾತ್ರಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದೆವು. ಆಗ ನಾನು ಅವಳಿಗೆ ಬಂಗಾಳದ ಹೆಂಗಸರ ಕಥೆ ಹೇಳಿದೆ. ಮಾವ ಹೋದ ಯುದ್ಧ ಯಾಕೆ ಆಯಿತು, ಅಲ್ಲಿ ಏನಾಯಿತು, ಆಮೇಲೆ ಅವರಿಗೆ ಯಾವ ಹೆಸರು ಇಟ್ಟರು, ಊರವರು ಅದನ್ನು ಏನು ಮಾಡಿದರು, ಎಲ್ಲ. ಅವಳ ಕೈ ನಿಲ್ಲಲಿಲ್ಲ. ಸಿಪ್ಪೆ ಒಡೆಯುವ ಸದ್ದು ಮಾತ್ರ. ಮೈದುನ ತೀರಿಕೊಂಡ ಮೇಲೆ ಆ ಕೈಗಳು ಎರಡನೇ ಸಲ ಬರಿದಾಗಿದ್ದವು. ಬಹಳ ಹೊತ್ತಿನ ಮೇಲೆ ಕೇಳಿದಳು.

"ಅಲ್ಲಿ ಹೆಂಗಸ್ರು ಬಳಿ ಇಟ್ಕೋತಾರೇನು?"

"ಇಟ್ಕೋತಾರ ಅತ್ತಿ. ಗಾಜಿಂದೂ ಇಟ್ಕೋತಾರ. ಹಿಂದೂ ಹೆಂಗಸ್ರು ಮದುವಿ ಆದ ಮ್ಯಾಲ ಶಂಖದ ಬಳಿ ಇಟ್ಕೋತಾರ."

"ಶಂಖದ್ದಾ?" ಅಂದಳು. ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಶಂಖದ್ದಂದ್ರ ಗಾಜಿನಂಗ ಜಲ್ದಿ ಒಡ್ಯಾಂಗಿಲ್ಲ ಯವ್ವಾ. ಬಾಳ ಸಲ ಬಡೀಬೇಕು."

ಆಮೇಲೆ ಮತ್ತೆ ಶೇಂಗಾ ಸುಲಿಯಲು ಶುರು ಮಾಡಿದಳು.